ರಸ್ತೆ ಹೊಳೆಯಲ್ಲ

ನಮ್ಮ ದೊಡ್ಡಮ್ಮ ತಿಪಟೂರಿನ ಕಡೆಯ ಹಳ್ಳಿಯಿಂದ ಬೆಂಗಳೂರಿನ ಮಗನ ಮನೆಗೆ ಬಂದು ನಾಲ್ಕು ವರ್ಷವಾಯಿತು. ಊರಿನಲ್ಲಿದ್ದಾಗ ದಿನಕ್ಕೆ ಎರಡು ಮೂರು ಮೈಲಿ ನಡೆಯುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಇಲ್ಲಿ ಮನೆಯಿಂದ ಕಾಣುವಷ್ಟು ಹತ್ತಿರದಲ್ಲೇ ಒಂದು ಆಂಜನೇಯನ ಗುಡಿಯಿದೆ. ನಡುವೆ ರಸ್ತೆಯಿದೆ, ಅಷ್ಟೆ. ಬಂದ ಹೊಸದರಲ್ಲಿ ದಿನಾ ಹೋಗುತ್ತಿದ್ದರು. ಆಮೇಲೆ ಯಾರಾದರೂ ಜೊತೆಗೆ ಸಿಕ್ಕಾಗ ಮಾತ್ರ, ಶನಿವಾರ. ನಾನು ಹೋದಾಗಲೆಲ್ಲ ‘ಸ್ವಲ್ಪ ಆ ಕಡೆ ದಾಟ್ಸು ಮಗ’ ಎಂದು ಕೈ ಹಿಡಿದುಕೊಳ್ಳುತ್ತಿದ್ದರು. ರಸ್ತೆಯ ಅಂಚಿನಲ್ಲಿ ನಿಂತಾಗ ಅವರು ಒಮ್ಮೆ ಆಡಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ: ‘ಹೊಳೆ ಬಂದಂಗೆ ಬತ್ತಾವೆ ಕಣ್ ಮಗ. ಇಳಿಯೋಗಂಟ ಕಾಯ್ಬೇಕು.’

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಮೊದಲು ಹಿಡಿಸಿದ್ದು ಆ ಹೋಲಿಕೆಯ ಸೊಗಸು. ಅದರ ತೊಡಕು ಕಂಡದ್ದು ಆಮೇಲೆ. ಹೊಳೆಗೆ ಯಾರೂ ಹೊಣೆಯಲ್ಲ. ಮಳೆ ಬಂದರೆ ಏರುತ್ತದೆ, ನಿಂತರೆ ಇಳಿಯುತ್ತದೆ. ಹೊಳೆಯ ಮುಂದೆ ನಿಂತವರು ಕಾಯಬೇಕು, ಇಲ್ಲವೆ ಅಂಬಿಗನನ್ನು ಕರೆಯಬೇಕು. ಆದರೆ ಆ ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಯೊಳಗೂ ಒಬ್ಬ ಮನುಷ್ಯ ಕೂತಿದ್ದಾನೆ. ಅವನ ಕಾಲ ಕೆಳಗೆ ಬ್ರೇಕ್ ಇದೆ. ಮನುಷ್ಯರು ಮಾಡುವ ಒಂದು ಕೆಲಸ ನಮ್ಮ ಕಣ್ಣಿಗೆ ಪ್ರಕೃತಿಯ ಹಾಗೆ ಕಾಣತೊಡಗಿದ್ದು ಹೇಗೆ? ಇದಕ್ಕೆ ಒಂದು ಉತ್ತರ ನಮ್ಮ ಭಾಷೆಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಈ ವಾರ ಕವಿತೆಯನ್ನೋ ಕಾದಂಬರಿಯನ್ನೋ ಓದುವ ಹಾಗೆ ದಿನಪತ್ರಿಕೆಯ ಒಂದು ಸಾಲನ್ನು, ರಸ್ತೆಯ ಒಂದು ಬೈಗುಳವನ್ನು, ಒಂದು ಸ್ಕೈವಾಕನ್ನು ಓದಿ ನೋಡುತ್ತೇನೆ.

ಮೊದಲು ಪತ್ರಿಕೆಯ ಸಾಲು. ಯಾವ ದಿನದ, ಯಾವ ಪತ್ರಿಕೆಯ ನಗರ ಪುಟವಾದರೂ ಆದೀತು. ‘ಕಾರು ಡಿಕ್ಕಿ ಹೊಡೆದು ವೃದ್ಧೆ ಮೃತಪಟ್ಟಿದ್ದಾರೆ.’ ವ್ಯಾಕರಣದ ಪಾಠ ನೆನಪಿರುವವರು ಈ ವಾಕ್ಯವನ್ನು ಬಿಡಿಸಿ ನೋಡಬಹುದು. ಇಲ್ಲಿ ಎರಡು ಕ್ರಿಯೆಗಳಿವೆ. ‘ಹೊಡೆದು’ ಎಂಬುದು ಅಪೂರ್ಣ ಕ್ರಿಯೆ, ಅದರ ಕರ್ತೃ ಕಾರು. ‘ಮೃತಪಟ್ಟಿದ್ದಾರೆ’ ಎಂಬುದು ಪೂರ್ಣ ಕ್ರಿಯೆ, ಅದರ ಕರ್ತೃ ವೃದ್ಧೆ. ‘ಊಟ ಮಾಡಿ ಮಲಗಿದಳು’ ಎಂದಾಗ ಉಂಡವಳೂ ಮಲಗಿದವಳೂ ಒಬ್ಬಳೇ. ಅಪಘಾತದ ವಾಕ್ಯದಲ್ಲಿ ಕರ್ತೃ ನಡುವೆ ಬದಲಾಗುತ್ತದೆ. ಹೊಡೆದದ್ದು ಅರ್ಧಕ್ಕೆ ನಿಂತ ಕೆಲಸ, ಸತ್ತದ್ದು ಮುಗಿದ ಕೆಲಸ. ವಾಕ್ಯದ ಭಾರವೆಲ್ಲ ಸತ್ತವಳ ಮೇಲೆ ಬೀಳುತ್ತದೆ. ಕಾರನ್ನು ಓಡಿಸುತ್ತಿದ್ದವನಂತೂ ವಾಕ್ಯದೊಳಗೆ ಬರುವುದೇ ಇಲ್ಲ.

ಇದು ಬರೆಯುವವರ ಸಂಚೇನೂ ಅಲ್ಲ. ತನಿಖೆ ಮುಗಿಯುವ ಮೊದಲು ಯಾರದು ತಪ್ಪೆಂದು ಬರೆಯಬಾರದು ಎಂಬ ಎಚ್ಚರ ಪತ್ರಕರ್ತರಿಗೆ ಇರಲೇಬೇಕು. ಆದರೆ ಆ ಎಚ್ಚರ ಎರಡೂ ಕಡೆಗೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ‘ಮೊಬೈಲ್‌ನಲ್ಲಿ ಮಾತನಾಡುತ್ತ ರಸ್ತೆ ದಾಟುತ್ತಿದ್ದ ಯುವಕ’ ಎಂದು ಬರೆಯುವಾಗ ನಡೆಯುವವನ ನಡತೆ ಸಲೀಸಾಗಿ ವಾಕ್ಯದೊಳಗೆ ಬರುತ್ತದೆ. ಓಡಿಸುವವನ ಸರದಿ ಬಂದಾಗ ‘ನಿಯಂತ್ರಣ ತಪ್ಪಿ’ ಎನ್ನುತ್ತೇವೆ. ನಿಯಂತ್ರಣ ತಾನೇ ಎದ್ದು ಎತ್ತಲೋ ಹೋಯಿತು ಎಂಬಂತೆ! ‘ಪಾದಚಾರಿಯ ಮೇಲೆ ಹರಿದ ಬಸ್’ ಎನ್ನುವಾಗ ಬಳಸುವ ‘ಹರಿ’ ಧಾತುವನ್ನು ಗಮನಿಸಿ. ನೀರು ಹರಿಯುತ್ತದೆ, ಗಾಡಿಯೂ ಹರಿಯುತ್ತದೆ. ದೊಡ್ಡಮ್ಮನ ಹೊಳೆ ಅವರೊಬ್ಬರದೇ ಕಲ್ಪನೆಯಲ್ಲ, ನಮ್ಮ ಶೀರ್ಷಿಕೆಗಳಲ್ಲಿ ಅದು ಯಾವತ್ತಿನಿಂದಲೋ ಹರಿಯುತ್ತಿದೆ. ಇನ್ನು ‘ಅಪಘಾತಕ್ಕೆ ಬಲಿ’, ‘ಯಮನಂತೆ ಬಂದ ಲಾರಿ’ ಎಂದರೆ ರಸ್ತೆ ದೇವತೆಯಾಗುತ್ತದೆ, ಲಾರಿ ಕಾಲನಾಗುತ್ತದೆ. ದೇವರನ್ನೂ ಯಮನನ್ನೂ ಯಾವ ಠಾಣೆಗೆ ಕರೆಸಲಾದೀತು?

ಪೊಲೀಸರ ಭಾಷೆಯನ್ನು ನಾವು ಒರಟು ಎಂದು ಆಡಿಕೊಳ್ಳುತ್ತೇವೆ. ಆದರೆ ಈ ವಿಷಯದಲ್ಲಿ ಅದು ಪತ್ರಿಕೆಯ ಭಾಷೆಗಿಂತ ನಿಖರ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂದು ಬರೆದಾಗ ಚಲಾಯಿಸಿದವನೊಬ್ಬ ಇದ್ದಾನೆಂದು ಒಪ್ಪಿಕೊಂಡಂತಾಯಿತು. ಹಳೆಯ ದಂಡ ಸಂಹಿತೆಯ 304ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಎರಡೂ ನಿರ್ಲಕ್ಷ್ಯದಿಂದ ಸಾವನ್ನು ‘ಉಂಟುಮಾಡಿದ’ ವ್ಯಕ್ತಿಯನ್ನು ಕುರಿತೇ ಮಾತಾಡುತ್ತವೆ. ಅಲ್ಲಿ ಕರ್ತೃವಿಗೆ ಜಾಗವಿದೆ.

ಇನ್ನು ರಸ್ತೆಯ ಮಾತು. ಗಾಡಿಗೆ ಅಡ್ಡ ಬಂದವರಿಗೆ ಬೆಂಗಳೂರಿನಲ್ಲಿ ಸಿಗುವ ಬೈಗುಳಗಳಲ್ಲಿ ಎರಡು ಎಲ್ಲರಿಗೂ ಗೊತ್ತು. ‘ಮನೇಲಿ ಹೇಳ್ಬಿಟ್ಟು ಬಂದಿದೀಯಾ?’ ಎನ್ನುವುದು ಒಂದು. ‘ಸಾಯೋಕೆ ನನ್ ಗಾಡೀನೇ ಬೇಕಿತ್ತಾ?’ ಎನ್ನುವುದು ಇನ್ನೊಂದು. ನಾವು ಇವನ್ನು ಕೇಳಿ ನಗುತ್ತೇವೆ, ಸಿನಿಮಾಗಳಲ್ಲೂ ನಕ್ಕಿದ್ದೇವೆ. ಆದರೆ ಎರಡನೆಯದರ ಅರ್ಥ ನೋಡಿ. ಅಲ್ಲಿ ಸಾವು ನಡೆಯುವವನ ಆಯ್ಕೆ, ಗಾಡಿ ಅದಕ್ಕೆ ಸಿಕ್ಕ ಒಂದು ಸಾಧನ. ಕೊಲ್ಲಬಲ್ಲವನು ತಾನು ಎಂಬುದು ಬೈಯುವವನಿಗೆ ಗೊತ್ತಿದೆ, ಗೊತ್ತಿದ್ದೇ ಆ ಕ್ರಿಯೆಯ ಕರ್ತೃತ್ವವನ್ನು ಎದುರಿನವನಿಗೆ ದಾಟಿಸುತ್ತಾನೆ. ಪತ್ರಿಕೆ ಮರ್ಯಾದೆಯಿಂದ ಮಾಡುವ ಕೆಲಸವನ್ನೇ ಬೈಗುಳ ಬಾಯಿಬಿಟ್ಟು ಮಾಡುತ್ತದೆ.

ಹೀಗೆ ಹೊಣೆಯನ್ನು ದಾಟಿಸಿದ ಚರಿತ್ರೆ ಬೇರೆ ಕಡೆಯೂ ಇದೆ. 1920ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ನಗರಗಳಲ್ಲಿ ಕಾರಿಗೆ ಸಿಕ್ಕಿ ಸಾಯುವ ಮಕ್ಕಳ ಸಂಖ್ಯೆ ಏರಿದಾಗ ಜನ ಕಾರುಗಳ ಮೇಲೆಯೇ ತಿರುಗಿಬಿದ್ದಿದ್ದರು. ಬೀದಿ ಎಲ್ಲರದು, ಆಮೇಲೆ ಬಂದದ್ದು ಕಾರು ಎಂಬ ತಿಳಿವಳಿಕೆ ಆಗ ಸಾಮಾನ್ಯವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ತಲೆಕೆಳಗಾಯಿತು. ವಾಹನೋದ್ಯಮದವರು, ಮೋಟಾರು ಕ್ಲಬ್ಬಿನವರು ಚಾಲ್ತಿಗೆ ತಂದ ಪದಗಳಲ್ಲಿ ‘ಜೇವಾಕರ್’ ಒಂದು. ಆ ಕಾಲದ ಆಡುಮಾತಿನಲ್ಲಿ ‘ಜೇ’ ಎಂದರೆ ಪಟ್ಟಣದ ರೀತಿ ರಿವಾಜು ತಿಳಿಯದ ಹಳ್ಳಿಗುಗ್ಗು. ರಸ್ತೆಯನ್ನು ತನಗೆ ಬೇಕಾದಲ್ಲಿ ದಾಟುವವನು ಗಮಾರ ಎಂದು ನಗಾಡಿ ನಗಾಡಿಯೇ ಬೀದಿಯನ್ನು ಕಾರುಗಳಿಗೆ ಬಿಡಿಸಿಕೊಟ್ಟದ್ದನ್ನು ಇತಿಹಾಸಕಾರ ಪೀಟರ್ ನಾರ್ಟನ್ 2008ರ ‘ಫೈಟಿಂಗ್ ಟ್ರಾಫಿಕ್’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಕಾನೂನು ಬದಲಾಗುವ ಮೊದಲು ಪದ ಬದಲಾಗಿತ್ತು. ನಮ್ಮಲ್ಲಿ ಆ ಪದಕ್ಕೆ ಸರಿಯಾದ ಕನ್ನಡವಿಲ್ಲ. ಆದರೆ ‘ಇವ್ನ್ಯಾರೋ ಹಳ್ಳಿಯಿಂದ ಈಗ ಬಸ್ ಇಳ್ದಿರ್ಬೇಕು’ ಎಂಬ ನಗೆ ಇದೆ. ದೊಡ್ಡಮ್ಮನ ಕೈ ಹಿಡಿದು ನಿಂತಾಗ ಆ ನಗೆಯ ಬಿಸಿ ನನಗೂ ತಾಗಿದೆ.

ಹಾಗಾದರೆ ಕಳೆದುಹೋದ ಕರ್ತೃವನ್ನು ವಾಕ್ಯಕ್ಕೆ ಮರಳಿ ತಂದರೆ ಸಾಕೇ? ‘ಚಾಲಕನೊಬ್ಬ ಕಾರು ಗುದ್ದಿಸಿ ವೃದ್ಧೆಯನ್ನು ಕೊಂದ’ ಎಂದು ಬರೆದರೆ ನ್ಯಾಯವಾಯಿತೇ? ಇಲ್ಲಿ ನಾನೂ ತಡವರಿಸುತ್ತೇನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆಯುತ್ತಿದ್ದವರು. ಅಂದರೆ ಐವರಲ್ಲಿ ಒಬ್ಬರು, ದಿನಕ್ಕೆ ಸುಮಾರು 90 ಮಂದಿ. ಇಷ್ಟು ಸಾವುಗಳನ್ನು ಬಿಡಿ ಬಿಡಿ ಚಾಲಕರ ಕೆಟ್ಟತನದಿಂದ ವಿವರಿಸಲಾಗದು. ಅಂಥ ವೇಗಕ್ಕೆ ಆಸ್ಪದ ಕೊಟ್ಟ ರಸ್ತೆಯನ್ನು ಯಾರೋ ಕಾಗದದ ಮೇಲೆ ಎಳೆದಿದ್ದಾರೆ, ಯಾರೋ ಸಹಿ ಹಾಕಿದ್ದಾರೆ. 1997ರಲ್ಲಿ ಸ್ವೀಡನ್ನಿನ ಸಂಸತ್ತು ಒಪ್ಪಿಕೊಂಡ ‘ವಿಷನ್ ಜೀರೋ’ ನೀತಿಯ ತಿರುಳು ಇದೇ: ಮನುಷ್ಯರು ತಪ್ಪು ಮಾಡುತ್ತಾರೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದ ಹಾಗೆ ರಸ್ತೆಯನ್ನು ಕಟ್ಟುವುದು ಕಟ್ಟುವವರ ಹೊಣೆ. ನಮ್ಮ ವಾಕ್ಯದಿಂದ ಕಾಣೆಯಾದ ಕರ್ತೃ ಒಬ್ಬನಲ್ಲ. ಓಡಿಸಿದವನಿದ್ದಾನೆ, ರಸ್ತೆ ಮಾಡಿದವರಿದ್ದಾರೆ, ‘ಸಿಗ್ನಲ್ ಫ್ರೀ’ ರಸ್ತೆ ಬೇಕೆಂದು ಕೇಳಿದ ನಾವೂ ಇದ್ದೇವೆ.

ಇಲ್ಲಿ ಸ್ಕೈವಾಕನ್ನು ಓದಬೇಕು. ನಮ್ಮಲ್ಲಿ ನಡೆಯುವವರನ್ನು ಕಾಪಾಡುವುದು ಎಂದರೆ ಬಹಳ ಸಲ ಅದನ್ನು ಕಟ್ಟುವುದು ಎಂದೇ ಅರ್ಥ. ಅದರ ಕೆಳಗೆ ಗಾಡಿಗಳು ಸಲೀಸಾಗಿ ಹೋಗಬೇಕಾದ್ದರಿಂದ ಅದು ರಸ್ತೆಯಿಂದ ಸುಮಾರು ಐದೂವರೆ ಮೀಟರ್‌ಗಿಂತ ಎತ್ತರದಲ್ಲಿರಬೇಕು. ಅಂದರೆ ರಸ್ತೆ ದಾಟಲು ಹೆಚ್ಚು ಕಡಿಮೆ ಎರಡು ಮಹಡಿ ಹತ್ತಿ ಎರಡು ಮಹಡಿ ಇಳಿಯಬೇಕು. ಮೇಲೆ ಉದ್ದಕ್ಕೂ ಜಾಹೀರಾತು. ಬೆಂಗಳೂರಿನ ಎಷ್ಟೋ ಸ್ಕೈವಾಕ್‌ಗಳನ್ನು ಖಾಸಗಿಯವರು ಜಾಹೀರಾತಿನ ಹಕ್ಕಿಗೆ ಬದಲಾಗಿ ಕಟ್ಟಿಕೊಟ್ಟಿದ್ದಾರೆ, ಆ ಜಾಹೀರಾತುಗಳು ಮುಖ ಮಾಡಿರುವುದು ಕೆಳಗೆ ಗಾಡಿಯಲ್ಲಿ ಹೋಗುವವರ ಕಡೆಗೆ. ದೊಡ್ಡಮ್ಮನನ್ನು ಒಮ್ಮೆ ಅಂಥದ್ದರ ಹತ್ತಿರ ಕರೆದುಕೊಂಡು ಹೋಗಿದ್ದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿ, ‘ಕೆಳಗ್ ಹೋಗೋರ್ಗೆ ಬ್ಯಾಡ್ವಾ ಮಗ ಈ ಬೆಟ್ಟ?’ ಎಂದರು. ಇಷ್ಟು ಚುರುಕಾದ ವಿಮರ್ಶೆಯನ್ನು ನಾನು ಯಾವ ಸೆಮಿನಾರಿನಲ್ಲೂ ಕೇಳಿಲ್ಲ. ಎಂಟು ಪಥದ ಹೆದ್ದಾರಿಯ ಮೇಲೆ ಅದು ಬೇಕಾದೀತು. ಊರೊಳಗಿನ ಬೀದಿಯಲ್ಲಿ ಅದು ಹೇಳುವುದು ಒಂದೇ ಮಾತು: ಕಾರು ನಿಲ್ಲಬಾರದು, ಆದ್ದರಿಂದ ನೀನು ಹತ್ತು.

ನಿಜವಾಗಿ ಕಾಪಾಡುವ ಸಂಗತಿಗಳು ಇದಕ್ಕಿಂತ ಸರಳ, ನೆಲಕ್ಕೆ ಹತ್ತಿರ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಿರಬೇಕು, ಅದರ ಅಂಚು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಟ್ರಾನ್ಸ್‌ಫಾರ್ಮರು, ಕಂಬ, ಎದ್ದ ಚಪ್ಪಡಿ, ನಿಲ್ಲಿಸಿದ ಬೈಕು ಇವನ್ನೆಲ್ಲ ಕಳೆದು ಅಷ್ಟು ಅಗಲ ಎಲ್ಲಿ ಉಳಿದಿದೆಯೆಂದು ನಿಮ್ಮ ಬೀದಿಯಲ್ಲೇ ಅಳೆದು ನೋಡಬಹುದು. ಸಿಗ್ನಲ್‌ನ ಲೆಕ್ಕ ಹಾಕುವಾಗ ನಡೆಯುವವರ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 14 ಮೀಟರ್ ರಸ್ತೆಗೆ 12 ಸೆಕೆಂಡ್ ಸಾಕಾಯಿತು. ಮೊಣಕಾಲು ನೋವಿನವರು 0.8 ಮೀಟರ್ ವೇಗದಲ್ಲಿ ನಡೆದರೆ 17 ಸೆಕೆಂಡ್ ದಾಟುತ್ತದೆ. ಆ ಉಳಿದ ಐದು ಸೆಕೆಂಡ್ ಅವರು ಗಾಡಿಗಳ ನಡುವೆ ಇರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ, ಚಾಲಕ ನೋಡಿ ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲೇ 16 ಮೀಟರ್‌ಗೂ ಹೆಚ್ಚು ಮುಂದೆ ಬಂದಿರುತ್ತದೆ. 30ರಲ್ಲಿ ಅದರ ಅರ್ಧ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ಇದು ಪ್ರೌಢಶಾಲೆಯ ಭೌತಶಾಸ್ತ್ರ. 2020ರ ಸ್ಟಾಕ್‌ಹೋಮ್ ಘೋಷಣೆ ಜನ ಮತ್ತು ಗಾಡಿ ಬೆರೆಯುವ ಬೀದಿಗಳಲ್ಲಿ 30ರ ಮಿತಿ ಇರಲಿ ಎಂದದ್ದು ಇದೇ ಲೆಕ್ಕದಿಂದ. ನಮ್ಮ 2017ರ ಚಾಲನಾ ನಿಯಮಾವಳಿಯೂ ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯ ಬಳಿ ನಡೆಯುವವರಿಗೆ ದಾರಿ ಬಿಡಬೇಕೆಂದು ಚಾಲಕನಿಗೆ ಹೇಳುತ್ತದೆ. ಆದರೆ ಬೀದಿಯಲ್ಲಿ ಕಾಣುವುದೇನು? ನಡೆಯುವವರು ಅಂಗೈ ಎತ್ತಿ ಗಾಡಿಗಳತ್ತ ತೋರುತ್ತ, ಓಡುತ್ತ ದಾಟುತ್ತಾರೆ. ನಮ್ಮ ದೇವರ ವಿಗ್ರಹಗಳಲ್ಲಿ ಎತ್ತಿದ ಅಂಗೈ ಅಭಯ ಕೊಡುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಅದು ಅಭಯ ಬೇಡುತ್ತದೆ.

ಈಗ ಒಂದು ಕವಿತೆಗೆ ಬರುತ್ತೇನೆ. ಕೆ.ಎಸ್. ನಿಸಾರ್ ಅಹಮದ್ ಅವರ ‘ಮಾಸ್ತಿ’ ಪದ್ಯವನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲೋ ಕಾಲೇಜಿನಲ್ಲೋ ಓದಿದ್ದೇವೆ. ವಯಸ್ಸಾದ ಮಾಸ್ತಿ ಕೊಡೆ ಹಿಡಿದು ಸಂಜೆ ಗಾಂಧಿಬಜಾರಿನ ರಸ್ತೆಯಲ್ಲಿ, ಮಳೆ ಚಳಿ ಲೆಕ್ಕಿಸದೆ, ದಿನವೂ ನಡೆದುಹೋಗುವ ಚಿತ್ರ ಅದು. ನಾವು ಅದನ್ನು ಹಿರಿಯ ಲೇಖಕನೊಬ್ಬನ ವ್ಯಕ್ತಿಚಿತ್ರವಾಗಿ, ಒಂದು ಮೌಲ್ಯದ ಚಿತ್ರವಾಗಿ ಓದುತ್ತೇವೆ. ನನ್ನ ಕಣ್ಣು ಈಗ ಅದರ ರಸ್ತೆಯ ಮೇಲೆ ಬೀಳುತ್ತದೆ. ಆ ಪದ್ಯ ಸಾಧ್ಯವಾಗಬೇಕಾದರೆ ಇಬ್ಬರಿಗೆ ರಸ್ತೆ ಒದಗಿಬರಬೇಕಿತ್ತು. ಮುದುಕರೊಬ್ಬರು ತಮ್ಮದೇ ಗತಿಯಲ್ಲಿ ನಡೆಯಬೇಕು, ಅವರನ್ನು ಅಷ್ಟು ಹೊತ್ತು, ಅಷ್ಟು ವಿವರವಾಗಿ ನೋಡಲು ಕವಿಯ ಕಣ್ಣಿಗೆ ಬಿಡುವಿರಬೇಕು. ಇವತ್ತು ನಡೆಯುವವರ ಕಣ್ಣು ಒಮ್ಮೆ ಚಕ್ರದ ಮೇಲೆ, ಒಮ್ಮೆ ಚಪ್ಪಡಿಯ ಸಂದಿನ ಮೇಲೆ. ಎದುರಿಗೆ ಬಂದವರ ಮುಖ ನೋಡುವಷ್ಟು ಪುರುಸೊತ್ತು ಅದಕ್ಕಿಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿಯ ಕತೆಗಳಲ್ಲಿ ಗುರುತಿಲ್ಲದವರ ನಡುವೆ ನಂಟು ಹುಟ್ಟುವುದು ಎಲ್ಲರೂ ಬೆರೆಯುವ ಇಂಥ ಜಾಗಗಳಲ್ಲಿ. ನಗರದ ಸಾಹಿತ್ಯಕ್ಕೆ ಮುಖಗಳು ಬೇಕು, ಮುಖಗಳಿಗೆ ಫುಟ್‌ಪಾತ್ ಬೇಕು.

ಇದನ್ನು ಹಳೆಯ ಬಸವನಗುಡಿಯ ಹಂಬಲವಾಗಿ ಓದಬೇಡಿ. ನಮ್ಮ ದೇಶದ ಬೀದಿ ಎಂದೂ ಎಲ್ಲರಿಗೂ ತೆರೆದಿರಲಿಲ್ಲ. ವೈಕಂನಲ್ಲಿ ದೇವಸ್ಥಾನದ ಸುತ್ತಣ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ 1924-25ರಲ್ಲಿ ಸುಮಾರು ಇಪ್ಪತ್ತು ತಿಂಗಳು ಸತ್ಯಾಗ್ರಹ ನಡೆಯಬೇಕಾಯಿತು. ಗುಡಿಯೊಳಗೆ ಬಿಡಿ ಎಂದು ಕೇಳಿದ್ದಲ್ಲ ಅದು, ಬೀದಿಯಲ್ಲಿ ನಡೆಯಲು ಬಿಡಿ ಎಂದು ಕೇಳಿದ್ದು. ಹೆಂಗಸರು ಕೆಲಸವಿಲ್ಲದೆ ಸುಮ್ಮನೆ ಬೀದಿಯಲ್ಲಿ ನಿಲ್ಲುವ ಹಕ್ಕಿನ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ‘ವೈ ಲಾಯ್ಟರ್?’ ಬರೆದದ್ದು 2011ರಲ್ಲಿ. ನಡೆಯುವುದು ಇಲ್ಲಿ ಯಾವಾಗಲೂ ಗೆದ್ದುಕೊಂಡ ಹಕ್ಕು. ಒಂದು ಬೇಲಿಯನ್ನು ಕಿತ್ತ ಮೇಲೆ, ಜಾತಿಯ ಹೆಸರು ಹೇಳದ ಇನ್ನೊಂದು ಬೇಲಿ ಬಂತು. ಗಾಡಿ ಇದ್ದವರಿಗೆ ರಸ್ತೆ, ಇಲ್ಲದವರಿಗೆ ಅಂಚು.

ಫುಟ್‌ಪಾತಿನ ಮಾತು ಬಂದಾಗ ನಮಗೆ ಮೊದಲು ಕಾಣುವುದು ಸೊಪ್ಪಿನ ಬುಟ್ಟಿ, ಹೂವಿನ ತಟ್ಟೆ. ‘ಇವರನ್ನು ಎಬ್ಬಿಸಿದರೆ ಸರಿಹೋಗುತ್ತದೆ’ ಎನ್ನುತ್ತೇವೆ. ಬುಟ್ಟಿಗೆ ಬೇಕಾದ್ದು ಒಂದು ಗಜ, ನಿಲ್ಲಿಸಿದ ಒಂದು ಕಾರಿಗೆ ಬೇಕಾದ್ದು ಅದರ ಎಷ್ಟೋ ಪಾಲು. 1985ರ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದಿತು. 2025ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಅಡೆತಡೆಯಿಲ್ಲದ ಫುಟ್‌ಪಾತ್ ಕೂಡ ಅದೇ 21ನೇ ವಿಧಿಯ ಭಾಗ ಎಂದು ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಜಾಗ ಬಿಟ್ಟುಕೊಡಬೇಕಾದವರು ಯಾರೆಂದು ಗೊತ್ತಾಗುತ್ತದೆ. ಅದು ಹೂವಮ್ಮನಂತೂ ಅಲ್ಲ.

ಬಿಟ್ಟುಕೊಡುವುದು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಮಾಸ್ತಿ ನಡೆದ ಅದೇ ಗಾಂಧಿಬಜಾರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಫುಟ್‌ಪಾತ್ ಅಗಲಿಸುವ ಕೆಲಸ ನಡೆಯಿತು. ಕಾಮಗಾರಿ ಎಳೆದಾಡಿದಾಗ, ಪಾರ್ಕಿಂಗ್ ಹೋದರೆ ಗಿರಾಕಿ ಹೋಗುತ್ತಾರೆ ಎಂದು ಅಂಗಡಿಯವರು ಚಿಂತೆಪಟ್ಟರು. ಅವರ ಚಿಂತೆ ಸುಳ್ಳಲ್ಲ, ಅಗೆದ ರಸ್ತೆಯ ಮುಂದೆ ಬಾಗಿಲು ತೆರೆದು ಕೂರುವ ಕಷ್ಟ ಅವರದು. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿಗಳನ್ನು ನಿಲ್ಲಿಸಿದ್ದರು. ಜನ ರಸ್ತೆಯ ನಡುವೆ ನಿಂತು ಮಾತಾಡಿದರು, ಮಕ್ಕಳು ಕೈ ಬಿಡಿಸಿಕೊಂಡು ಓಡಿದರು. ಆಮೇಲೆ ಕಾರುಗಳು ಮರಳಿದವು. ಆ ಕೆಲವು ತಿಂಗಳು ಒಂದನ್ನು ತೋರಿಸಿಕೊಟ್ಟವು: ಒಂದು ಆದೇಶ, ನಾಲ್ಕು ಬ್ಯಾರಿಕೇಡ್ ಸಾಕು, ಹೊಳೆ ನಿಲ್ಲುತ್ತದೆ. ನಿಲ್ಲಿಸಿದರೆ ನಿಲ್ಲುವುದನ್ನು ಹೊಳೆ ಎಂದು ಕರೆಯಬಾರದು.

ವಿಮರ್ಶೆ ಮಾಡುವವರಿಂದ ಬ್ಯಾರಿಕೇಡ್ ಹಾಕಲಾಗದು, ಫುಟ್‌ಪಾತ್ ಕಟ್ಟಲಾಗದು. ಆದರೆ ವಾಕ್ಯ ನಮ್ಮ ಕೈಯಲ್ಲಿದೆ. ‘ನಿಯಂತ್ರಣ ತಪ್ಪಿದ ಕಾರು’ ಎಂದು ಬರೆಯುವ ಮೊದಲು ಯಾರ ನಿಯಂತ್ರಣ ಎಂದು ಕೇಳಿಕೊಳ್ಳಬಹುದು. ರಸ್ತೆ ಎಷ್ಟು ಅಗಲವಿತ್ತು, ದಾಟುವ ಜಾಗ ಎಷ್ಟು ದೂರವಿತ್ತು, ಅದೇ ಜಾಗದಲ್ಲಿ ಇದಕ್ಕೆ ಮೊದಲು ಯಾರು ಬಿದ್ದಿದ್ದರು ಎಂದು ಇನ್ನೆರಡು ಸಾಲು ಸೇರಿಸಬಹುದು. ‘ಪಾದಚಾರಿ’ ಎಂಬ ಪದವನ್ನೂ ತುಸು ಅನುಮಾನದಿಂದ ನೋಡಬಹುದು. ‘ನಾನು ಪಾದಚಾರಿ’ ಎಂದು ಯಾರೂ ತಮ್ಮನ್ನು ಕರೆದುಕೊಳ್ಳುವುದಿಲ್ಲ, ಅದು ಬೋರ್ಡಿನಲ್ಲಿ, ಸಾವಿನ ಸುದ್ದಿಯಲ್ಲಿ ಮಾತ್ರ ಬದುಕಿರುವ ಪದ. ಸತ್ತವರು ಶಾಲೆಗೆ ಹೊರಟ ಹುಡುಗಿ, ಗಾರ್ಮೆಂಟ್ಸ್‌ನಿಂದ ಮನೆಗೆ ಬರುತ್ತಿದ್ದ ಹೆಂಗಸು, ಹಾಲು ತರಲು ಹೋದ ಮೇಷ್ಟ್ರು.

ಇಷ್ಟಾದರೂ ಒಂದು ಲೆಕ್ಕ ಯಾವ ವಾಕ್ಯಕ್ಕೂ ಸಿಗುವುದಿಲ್ಲ. ಸತ್ತವರನ್ನು ಎಣಿಸುತ್ತಾರೆ, ಗಾಯವಾದವರನ್ನು ಎಣಿಸುತ್ತಾರೆ. ನಡೆಯುವುದನ್ನು ಬಿಟ್ಟವರನ್ನು ಯಾರು ಎಣಿಸುತ್ತಾರೆ?

ಹೋದ ತಿಂಗಳು ಶನಿವಾರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ‘ಬನ್ನಿ, ಗುಡಿಗೆ ಹೋಗ್ಬರಾಣ’ ಎಂದೆ. ಅವರು ಏಳಲಿಲ್ಲ. ‘ಯಾಕೆ ಸುಮ್ಕೆ ನಿಂಗೂ ತೊಂದ್ರೆ. ನಾನೀಗ ಇಲ್ಲಿಂದ್ಲೇ ಕೈ ಮುಗೀತೀನಿ ಬಿಡು’ ಎಂದರು. ಗೇಟಿನ ಹತ್ತಿರ ಬಂದು, ಸರಳು ಹಿಡಿದುಕೊಂಡು, ಗಾಡಿಗಳ ಸಂದಿನಲ್ಲಿ ಗೋಪುರ ಕಾಣುವುದನ್ನೇ ಕಾದರು. ಒಂದು ಬಸ್ಸು ಹೋಯಿತು, ಅದರ ಹಿಂದೆ ನಾಲ್ಕಾರು ಕಾರು. ಆಮೇಲೆ ಒಂದು ಗಳಿಗೆ ಗುಡಿ ಕಂಡಿತು. ಕೈ ಮುಗಿದು ಒಳಗೆ ಹೋದರು.